ಸನ್ಮೈಕಾ ಆರಿಸುವ ಮುನ್ನ: ನಾಲ್ಕು ಊರು, ನಾಲ್ಕು ಪಾಠ

ಮೂರು ವರ್ಷಗಳ ಹಿಂದಿನ ಮಾತು. ಬೈಲಹೊಂಗಲದ ನಮ್ಮ ಮನೆಗೆ ಹೊಸ ಊಟದ ಟೇಬಲ್ ಮಾಡಿಸಿದೆವು. ಅದರ ಮೇಲೆ ಹಾಲಿನಂಥ ಬಿಳಿ ಬಣ್ಣದ, ಕನ್ನಡಿಯಂತೆ ಹೊಳೆಯುವ ಸನ್ಮೈಕಾ. ಆರಿಸಿದವನು ನಾನೇ. ನೆಲಕ್ಕೂ ಬಿಳಿ ಟೈಲ್ಸ್ ಇತ್ತು. ಬಂದವರೆಲ್ಲ "ಭಾರೀ ಛಂದ ಆಗೇದ್ರಿ" ಎಂದು ಹೊಗಳಿದರು. ನಾನೂ ಉಬ್ಬಿದೆ.

ಒಂದು ಸಂಜೆ ನನ್ನ ಹೆಂಡತಿ ಕಾಸಿದ ಹಾಲಿನ ಪಾತ್ರೆಯನ್ನು ತಂದು ಆ ಟೇಬಲ್ ಮೇಲೆ ಇಟ್ಟಳು. ಇಟ್ಟೆ ಎಂದುಕೊಂಡಳು, ಅಷ್ಟೆ. ಪಾತ್ರೆಯ ಮುಕ್ಕಾಲು ಭಾಗ ಅಂಚಿನಿಂದ ಆಚೆಗಿತ್ತು. ಬಿಸಿ ಹಾಲು ಪಾದದ ಮೇಲೆ ಸುರಿಯಿತು. ಗಾಯ ಮಾಯಲು ಒಂದು ತಿಂಗಳು ಹಿಡಿಯಿತು. "ಟೇಬಲ್ ಎಲ್ಲಿ ಮುಗೀತದ, ನೆಲ ಎಲ್ಲಿ ಶುರು ಆಗ್ತದ, ನನಗ ಗೊತ್ತೇ ಆಗಲಿಲ್ಲ" ಎಂದಳು. ಕಣ್ಣಿಗೆ ಪೊರೆ ಬರುತ್ತಿತ್ತು. ಮೇಲಿನ ಟ್ಯೂಬ್‌ಲೈಟ್ ಬೆಳಕು ಟೇಬಲ್ಲಿನಲ್ಲಿ ಪ್ರತಿಫಲಿಸಿ ಕಣ್ಣು ಕುಕ್ಕುತ್ತಿತ್ತು. ಬಿಳಿಯ ಮೇಲೆ ಬಿಳಿ, ಅದರ ಮೇಲೆ ಬಿಳಿ ಬೆಳಕು. ಅವಳ ತಪ್ಪೇನೂ ಇರಲಿಲ್ಲ. ತಪ್ಪು ಬಣ್ಣ ಆರಿಸಿದವನದು.

ಅಂದಿನಿಂದ ನನಗೆ ಒಂದು ಮಾತು ಮನದಟ್ಟಾಗಿದೆ. ಮನೆಗೆ ಸನ್ಮೈಕಾ ಆರಿಸುವುದೆಂದರೆ ಚಂದದ ಬಣ್ಣ ಆರಿಸುವುದಲ್ಲ. ಆ ಮೇಲ್ಮೈಯನ್ನು ಯಾರ ಕೈ ಮುಟ್ಟುತ್ತದೆ, ಯಾರ ಕಣ್ಣು ನೋಡುತ್ತದೆ, ಯಾವ ನೀರು, ಯಾವ ಬಿಸಿ ತಾಗುತ್ತದೆ ಎಂಬುದನ್ನು ಮೊದಲು ಕೇಳಿಕೊಳ್ಳುವುದು. ಈ ವರ್ಷ ಮೊಮ್ಮಗಳ ಓದುವ ಮೇಜು ಮತ್ತು ಕಪಾಟು ಮಾಡಿಸುವ ಕೆಲಸ ಬಂದಾಗ ನಾನು ಅವಸರ ಮಾಡಲಿಲ್ಲ. ಸವದತ್ತಿ, ಕಿತ್ತೂರು, ರಾಮದುರ್ಗದ ನೆಂಟರ ಮನೆಗಳ ಕಪಾಟುಗಳನ್ನೂ ನೋಡಿ ಬಂದೆ. ಅಲ್ಲಿ ಕಲಿತದ್ದನ್ನು ಅಜ್ಜ-ಅಜ್ಜಿಯರಿಗೂ ಮೊಮ್ಮಕ್ಕಳಿಗೂ ಹೇಳೋಣವೆಂದು ಈ ಬರಹ.

ಕಟ್ಟಿಗೆಯಲ್ಲ, ಪ್ಲಾಸ್ಟಿಕ್ಕೂ ಅಲ್ಲ

ಅಂಗಡಿಯಲ್ಲಿ ದಪ್ಪ ಪುಸ್ತಕದಂಥ ಕ್ಯಾಟಲಾಗ್ ಮುಂದಿಟ್ಟರು. ಪುಟಕ್ಕೊಂದು ತುಂಡು ಸನ್ಮೈಕಾ. ಸಾಗವಾನಿ, ಅಮೃತಶಿಲೆ, ಬಟ್ಟೆ, ಚರ್ಮ, ಎಲ್ಲದರ ರೂಪವೂ ಅದರಲ್ಲಿತ್ತು. ಮೊಮ್ಮಗಳು ಒಂದೊಂದನ್ನೇ ಉಗುರಿನಿಂದ ಕೆರೆದು ನೋಡಿ ಕೇಳಿದಳು: "ಅಜ್ಜಾ, ಇದು ಕಟ್ಟಿಗಿ ಏನು, ಪ್ಲಾಸ್ಟಿಕ್ ಏನು?"

"ಎರಡೂ ಅಲ್ಲವ್ವಾ. ಇದು ಕಾಗದ!"

ಅವಳು ನಂಬಲಿಲ್ಲ. ಆ ತುಂಡನ್ನು ಅಡ್ಡ ಹಿಡಿದು ಅಂಚು ತೋರಿಸಿದೆ. ಮೇಲೆ ಬಣ್ಣದ ಒಂದು ತೆಳು ಗೆರೆ, ಅದರ ಕೆಳಗೆಲ್ಲ ಕಂದು ಬಣ್ಣ. ಆ ಕಂದು ಭಾಗವೇ ಕಾಗದ. ಶಾಲೆಯ ಪುಸ್ತಕಕ್ಕೆ ಹೊದಿಕೆ ಹಾಕುತ್ತೀರಲ್ಲ, ಆ ಕಂದು ಕಾಗದದ ಜಾತಿಯದೇ. ಅದಕ್ಕೆ ಕ್ರಾಫ್ಟ್ ಕಾಗದ ಎನ್ನುತ್ತಾರೆ.

ಅಂಥ ಹಲವು ಹಾಳೆಗಳನ್ನು ಫೀನಾಲಿಕ್ ಎಂಬ ರಾಳದಲ್ಲಿ ತೋಯಿಸಿ, ಒಣಗಿಸಿ, ಒಂದರ ಮೇಲೊಂದು ಜೋಡಿಸುತ್ತಾರೆ. ಅದರ ಮೇಲೆ ಚಿತ್ರ ಅಚ್ಚಾದ ಕಾಗದ. ಇದನ್ನು ತೋಯಿಸುವುದು ಮೆಲಮಿನ್ ಎಂಬ ತಿಳಿಯಾದ ರಾಳದಲ್ಲಿ. ಆಮೇಲೆ ಎಲ್ಲವನ್ನೂ ಉಕ್ಕಿನ ತಗಡುಗಳ ನಡುವೆ ಇಟ್ಟು ಬಿಸಿಮಾಡಿ ಒತ್ತುತ್ತಾರೆ. ಉಷ್ಣತೆ 120 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು. ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 50 ಕಿಲೋ, ಅಥವಾ ಇನ್ನೂ ಹೆಚ್ಚು. ಮಕ್ಕಳೇ, ನಿಮ್ಮ ಹೆಬ್ಬೆರಳಿನ ಉಗುರಿನಷ್ಟು ಜಾಗದ ಮೇಲೆ ಅರ್ಧ ಕ್ವಿಂಟಲ್ ಜೋಳದ ಚೀಲ ಇಟ್ಟಂತೆ! ಆದ್ದರಿಂದಲೇ ಇದರ ಪೂರ್ತಿ ಹೆಸರು 'ಹೈ ಪ್ರೆಷರ್ ಲ್ಯಾಮಿನೇಟ್', ಅಂದರೆ ಹೆಚ್ಚಿನ ಒತ್ತಡದಲ್ಲಿ ಪದರ ಪದರವಾಗಿ ಕೂಡಿಸಿದ ಹಾಳೆ. ಸನ್ಮೈಕಾ ಎಂಬುದು ಒಂದು ಬ್ರ್ಯಾಂಡಿನ ಹೆಸರು. ಜನರ ಬಾಯಲ್ಲಿ ಅದು ಇಡೀ ಜಾತಿಗೇ ಅಂಟಿಕೊಂಡಿದೆ.

ಅರಗಿನಿಂದ ಕಾಗೆಬಂಗಾರದವರೆಗೆ

ಈ ಹಾಳೆಯ ಹುಟ್ಟಿನ ಕಥೆ ನಮ್ಮ ಅರಗಿನಿಂದಲೇ ಶುರುವಾಗುತ್ತದೆ. ದುರ್ಯೋಧನ ಪಾಂಡವರಿಗಾಗಿ ಕಟ್ಟಿಸಿದ ಅರಗಿನ ಮನೆಯ ಕಥೆ ನಿಮಗೆ ಗೊತ್ತು. ಆ ಅರಗು ಮುತ್ತುಗದಂಥ ಮರಗಳ ಟೊಂಗೆಯ ಮೇಲೆ ಒಂದು ಸಣ್ಣ ಕೀಟ ಸ್ರವಿಸುವ ರಾಳ. ನಮ್ಮ ಪಕ್ಕದ ಧಾರವಾಡ ಜಿಲ್ಲೆಯ ಕಲಘಟಗಿಯ ತೊಟ್ಟಿಲು ಮಿರಮಿರ ಹೊಳೆಯುವುದು ಅರಗಿನ ಬಣ್ಣದಿಂದ. ನಾನು ಬ್ಯಾಂಕಿನಲ್ಲಿದ್ದಾಗ ಹಣದ ಚೀಲದ ಗಂಟಿಗೆ ಅರಗನ್ನು ಕಾಯಿಸಿ ಸುರಿದು, ಹಿತ್ತಾಳೆಯ ಮುದ್ರೆ ಒತ್ತುತ್ತಿದ್ದೆವು. ಅದರ ವಾಸನೆ ಈಗಲೂ ನೆನಪಿದೆ.

ನೂರಿಪ್ಪತ್ತು ವರ್ಷಗಳ ಹಿಂದೆ ವಿದ್ಯುತ್ ಯಂತ್ರಗಳು ಬಂದಾಗ, ತಂತಿಗಳಿಗೆ ಕರೆಂಟು ಹರಿಯದ ಹೊದಿಕೆ ಬೇಕಾಯಿತು. ಅದಕ್ಕೆ ಅರಗು ಚೆನ್ನಾಗಿ ಒಪ್ಪುತ್ತಿತ್ತು. ಆದರೆ ಕೀಟ ಎಷ್ಟು ಅರಗು ಕೊಟ್ಟೀತು? ಲಿಯೋ ಬೇಕ್‌ಲ್ಯಾಂಡ್ ಎಂಬ ವಿಜ್ಞಾನಿ ಅರಗಿಗೆ ಬದಲಿ ಹುಡುಕುತ್ತ ಹೋಗಿ, 1907ರಲ್ಲಿ ಅಮೆರಿಕದಲ್ಲಿ ಬೇಕಲೈಟ್ ಕಂಡುಹಿಡಿದರು. ಅಜ್ಜಂದಿರಿಗೆ ನೆನಪಿರಬಹುದು, ಹಳೆಯ ಕಪ್ಪು ವಿದ್ಯುತ್ ಸ್ವಿಚ್ಚುಗಳು, ಭಾರವಾದ ಕಪ್ಪು ಫೋನು. ಅವೆಲ್ಲ ಬೇಕಲೈಟೇ.

ವಿದ್ಯುತ್ ಯಂತ್ರಗಳಿಗೆ ಬೇಕಾಗಿದ್ದ ಇನ್ನೊಂದು ವಸ್ತು ಅಭ್ರಕ, ನಾವು ಕಾಗೆಬಂಗಾರ ಎನ್ನುವ ಪದರು ಪದರಾದ ಹೊಳೆಯುವ ಖನಿಜ. ಅದೂ ತುಟ್ಟಿ. 1912ರ ಸುಮಾರಿಗೆ ಡೇನಿಯಲ್ ಓಕಾನರ್ ಮತ್ತು ಹರ್ಬರ್ಟ್ ಫೇಬರ್ ಎಂಬ ಇಬ್ಬರು ಎಂಜಿನಿಯರುಗಳು ಬೇಕಲೈಟ್ ಜಾತಿಯ ರಾಳದಲ್ಲಿ ಪದರಗಳನ್ನು ತೋಯಿಸಿ ಗಟ್ಟಿ ಹಾಳೆ ಮಾಡಿದರು. 'ಫಾರ್ ಮೈಕಾ', ಅಂದರೆ ಕಾಗೆಬಂಗಾರದ ಬದಲಿಗೆ ಎಂಬ ಅರ್ಥ ಬರುವಂತೆ ಅದಕ್ಕೆ 'ಫಾರ್ಮೈಕಾ' ಎಂದು ಹೆಸರಿಟ್ಟರು. 1913ರಲ್ಲಿ ಸಿನ್ಸಿನಾಟಿ ಊರಿನಲ್ಲಿ ಕಂಪನಿಯನ್ನೂ ತೆರೆದರು. ಯಂತ್ರದ ಹೊಟ್ಟೆಯೊಳಗಿದ್ದ ಈ ಹಾಳೆಗೆ ಮುಂದೆ ಚಿತ್ರದ ಕಾಗದ, ಮೆಲಮಿನ್ ರಾಳ ಸೇರಿ, ಅದು ಮೇಜಿನ ಮೇಲೆ ಬಂದು ಕೂತಿತು. ಸನ್ಮೈಕಾ ಎಂಬ ಹೆಸರಿನ ಬಾಲದಲ್ಲಿರುವ 'ಮೈಕಾ' ಆ ಹಳೆಯ ಕಾಗೆಬಂಗಾರದ್ದೇ.

ಬೆಲ್ಲದಂತಲ್ಲ, ರೊಟ್ಟಿಯಂತೆ

ಪ್ಲಾಸ್ಟಿಕ್ ಕೊಡಕ್ಕೆ ಬಿಸಿ ತಾಗಿದರೆ ಮೆತ್ತಗಾಗುತ್ತದೆ, ಆರಿದರೆ ಮತ್ತೆ ಗಟ್ಟಿ. ನಮ್ಮ ಬೆಲ್ಲದ ಹಾಗೆ. ಸನ್ಮೈಕಾ ಹಾಗಲ್ಲ. ಅದು ಜೋಳದ ರೊಟ್ಟಿಯ ಹಾಗೆ. ಒಮ್ಮೆ ಬೆಂದ ರೊಟ್ಟಿ ಮತ್ತೆ ಹಿಟ್ಟಾಗುವುದಿಲ್ಲ. ಅದಕ್ಕೇ ಚಹಾದ ಬಿಸಿ ಕಪ್ಪು ಇಟ್ಟರೆ ಅದಕ್ಕೆ ಏನೂ ಆಗದು. ಆದರೆ ರೊಟ್ಟಿ ಬೇಯಿಸಿದ ಹಂಚನ್ನು ಒಲೆಯಿಂದ ಇಳಿಸಿ ನೇರವಾಗಿ ಅದರ ಮೇಲೆ ಇಟ್ಟರೆ ಕಲೆ ಬೀಳುತ್ತದೆ, ಗುಳ್ಳೆ ಏಳುತ್ತದೆ. ಬೆಂದ ರೊಟ್ಟಿಯೂ ಹೆಚ್ಚು ಬಿಸಿಗೆ ಸೀಯುತ್ತದಲ್ಲ, ಹಾಗೆ.

ಇನ್ನೊಂದು ಮಾತು. ಕಟ್ಟಿಗೆ ಸವೆದರೆ ಉಜ್ಜುಕಾಗದ ಹಾಕಿ, ಪಾಲಿಶ್ ಮಾಡಿ ಹೊಸದು ಮಾಡಬಹುದು. ಸನ್ಮೈಕಾದಲ್ಲಿ ಚಿತ್ರವಿರುವುದು ಮೇಲಿನ ಒಂದೇ ಕಾಗದದಲ್ಲಿ. ಅದು ಸವೆದರೆ ಮುಗಿಯಿತು. ಬ್ಯಾಂಕಿನಲ್ಲಿ ನಾನು ಕೂತ ಒಂದು ಕೌಂಟರಿನ ಮೇಲೆ ಹಸಿರು ಸನ್ಮೈಕಾ ಇತ್ತು. ಗ್ರಾಹಕರು ಚಿಲ್ಲರೆ ಸುರಿದು, ಪಾಸ್‌ಬುಕ್ ಸರಿಸಿ, ಮೊಣಕೈ ಊರಿ ನಿಲ್ಲುತ್ತಿದ್ದ ಅಂಗೈಯಗಲ ಜಾಗದಲ್ಲಿ ಹಸಿರು ಮಾಸಿ ಒಳಗಿನ ಕಂದು ಕಾಗದ ಕಾಣುತ್ತಿತ್ತು. ಉಳಿದ ಕಡೆಯೆಲ್ಲ ನಿನ್ನೆ ಹಾಕಿದಂತಿತ್ತು. ಮೇಲ್ಮೈ ಎಲ್ಲೆಡೆ ಒಂದೇ ಸಮ ಸವೆಯುವುದಿಲ್ಲ, ಕೈ ಬೀಳುವಲ್ಲಿ ಸವೆಯುತ್ತದೆ. ಆದ್ದರಿಂದ ಮೇಜಿನ ಮೇಲ್ಭಾಗಕ್ಕೆ ತೆಳುವಾದ ಹಾಳೆ ಬೇಡ, 1 ಮಿಲಿಮೀಟರ್ ದಪ್ಪದ್ದೇ ಇರಲಿ. ಉಳಿತಾಯ ಮಾಡುವುದಿದ್ದರೆ ಕಪಾಟಿನ ಒಳಮೈಯಲ್ಲಿ ಮಾಡಬಹುದು.

ಬೈಲಹೊಂಗಲ: ಬೆಳಕು ಮತ್ತು ಧೂಳು

ನಮ್ಮೂರಿನದು ಎರೆಮಣ್ಣು. ಬೇಸಿಗೆಯಲ್ಲಿ ಗಾಳಿ ಬೀಸಿದರೆ ಮನೆಯೊಳಗೆಲ್ಲ ಧೂಳು. ಕಪ್ಪಗೆ ಹೊಳೆಯುವ ಕಪಾಟಿನ ಮೇಲೆ ಆ ಧೂಳು, ಮಕ್ಕಳ ಬೆರಳಚ್ಚು, ಒರೆಸಿದ ಬಟ್ಟೆಯ ಗೆರೆ ಎಲ್ಲ ಎದ್ದು ಕಾಣುತ್ತವೆ. ಹೊಳಪಿಲ್ಲದ, ನಸುಗಂದು ಅಥವಾ ಬೂದಿ ಬಣ್ಣದ ಮೇಲ್ಮೈ ಇವನ್ನೆಲ್ಲ ನುಂಗಿಕೊಳ್ಳುತ್ತದೆ. ಇದಕ್ಕೆ ಅಂಗಡಿಯಲ್ಲಿ 'ಮ್ಯಾಟ್' ಅಥವಾ 'ಸ್ವೇಡ್' ಎನ್ನುತ್ತಾರೆ. ಹೊಳಪಿಲ್ಲದ ಮೇಜು ಓದುವ ಮಕ್ಕಳ ಕಣ್ಣಿಗೂ ಹಿತ, ಪೊರೆ ಬಂದ ನಮ್ಮಂಥವರ ಕಣ್ಣಿಗೂ ಹಿತ.

ಹಿರಿಯರಿರುವ ಮನೆಯಲ್ಲಿ ಇನ್ನೊಂದು ಕೆಲಸ ಮಾಡಿ. ಮೇಜಿನ ಮೇಲ್ಭಾಗ ಒಂದು ಬಣ್ಣ, ಅಂಚಿನ ಪಟ್ಟಿ ಅದಕ್ಕೆ ಎದ್ದು ಕಾಣುವ ಬೇರೆ ಬಣ್ಣ, ನೆಲ ಮೂರನೆಯ ಬಣ್ಣ ಇರಲಿ. ತಿಳಿ ಮೇಜಿಗೆ ಗಾಢ ಅಂಚು. ಕಪಾಟಿನ ಹಿಡಿಕೆಯೂ ಬಾಗಿಲಿನ ಬಣ್ಣದಲ್ಲಿ ಕರಗಿಹೋಗದಿರಲಿ. ನಮ್ಮ ಬಿಳಿ ಟೇಬಲ್ಲಿಗೆ ಆಮೇಲೆ ಸುತ್ತಲೂ ಕಡುಕಂದು ಅಂಚಿನ ಪಟ್ಟಿ ಹಚ್ಚಿಸಿದೆವು. ಹೆಂಡತಿ ಅದರ ಮೇಲೆ ಬೆರಳಾಡಿಸಿ, "ಈಗ ಟೇಬಲ್ ಎಲ್ಲಿ ಮುಗೀತದ ಅಂತ ಕಾಣ್ತದ ನೋಡ್ರಿ" ಎಂದಳು. ಇಷ್ಟು ಸಣ್ಣ ಕೆಲಸವನ್ನು ಮೊದಲೇ ಮಾಡಿಸಿದ್ದರೆ ಅವಳ ಪಾದ ಸುಡುತ್ತಿರಲಿಲ್ಲ.

ಅಂಗಡಿಯ ದೀಪದಲ್ಲಿ ನೋಡಿದ ಬಣ್ಣ ಮನೆಯ ಬೆಳಕಿನಲ್ಲಿ ಬೇರೆಯೇ ಕಾಣುತ್ತದೆ. ಮಾದರಿ ತುಂಡನ್ನು ಮನೆಗೆ ತಂದು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಮೂರು ಹೊತ್ತು ನೋಡಿ. ಪಡುವಣ ಕಿಟಕಿಯ ಬಿಸಿಲು ನೇರ ಬೀಳುವಲ್ಲಿ ಗಾಢ ಬಣ್ಣ ಬೇಡ. ವರ್ಷಗಟ್ಟಲೆ ಬಿಸಿಲು ಬಿದ್ದರೆ ಬಣ್ಣ ಮಾಸುತ್ತದೆ, ಗಾಢ ಬಣ್ಣದಲ್ಲಿ ಅದು ಬೇಗ ಗೊತ್ತಾಗುತ್ತದೆ.

ಸವದತ್ತಿ: ಭಂಡಾರದ ಪಾಠ

ನನ್ನ ತಂಗಿಯ ಮನೆ ಸವದತ್ತಿಯಲ್ಲಿ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಬಂದರೆ ಯಲ್ಲಮ್ಮನ ಗುಡ್ಡಕ್ಕೆ ಹೋಗುವ ನೆಂಟರಿಷ್ಟರಿಂದ ಅವಳ ಮನೆ ತುಂಬುತ್ತದೆ. ಬಂದವರ ಹಣೆ, ಕೈ, ಸೆರಗು ಎಲ್ಲದರಲ್ಲೂ ಭಂಡಾರ. ಅವಳ ಮಗ ದೇವರ ಕಪಾಟಿಗೆ ಮರದ ತೊಗಟೆಯಂತೆ ಗೀರು ಗೀರಾಗಿರುವ ಬಿಳಿ ಹಾಳೆ ಹಾಕಿಸಿದ್ದ. ಒಂದೇ ಜಾತ್ರೆಗೆ ಆ ಗೀರುಗಳೊಳಗೆಲ್ಲ ಅರಿಶಿನ ಕೂತಿತು. ತಂಗಿ ಸಾಬೂನು ನೀರು ಹಾಕಿ ಉಜ್ಜಿದಳು. ಹಳದಿ ಹೋಗುವ ಬದಲು ಕೆಂಪಾಯಿತು! "ಅಣ್ಣಾ, ದೇವಿ ಮುನಿದಾಳೋ ಏನೋ" ಎಂದು ಗಾಬರಿಯಿಂದ ಫೋನ್ ಮಾಡಿದಳು.

ದೇವಿ ಮುನಿದಿರಲಿಲ್ಲ. ಮಕ್ಕಳೇ, ನೀವೂ ಮಾಡಿ ನೋಡಿ. ಅರಿಶಿನದ ನೀರಿಗೆ ಬಟ್ಟೆ ಸೋಪಿನ ನೀರು ಹಾಕಿದರೆ ಕೆಂಪಾಗುತ್ತದೆ, ನಿಂಬೆರಸ ಹಿಂಡಿದರೆ ಮತ್ತೆ ಹಳದಿಯಾಗುತ್ತದೆ. ಕ್ಷಾರ ಮತ್ತು ಆಮ್ಲವನ್ನು ಗುರುತಿಸುವ ಗುಣ ಅರಿಶಿನಕ್ಕಿದೆ. ಬೆಳಕಿಗೆ ಅದರ ಬಣ್ಣ ಮೆಲ್ಲಗೆ ಮಾಸುವುದೂ ನಿಜ. ಕಿಟಕಿ ತೆರೆದು ಬೆಳಕು ಬೀಳುವಂತೆ ಬಿಟ್ಟಾಗ ಕಲೆ ಅರ್ಧದಷ್ಟು ಇಳಿಯಿತು. ಗೀರಿನ ಆಳದಲ್ಲಿ ಕೂತದ್ದು ಮಾತ್ರ ಉಳಿಯಿತು.

ಇಲ್ಲಿನ ಪಾಠ ಇಷ್ಟು. ದೇವರ ಕೋಣೆಗೂ ಅಡುಗೆಮನೆಗೂ ಗೀರಿಲ್ಲದ, ನಯವಾದ ಮೇಲ್ಮೈ ಬೇಕು. ಅಲ್ಲಿ ಶುಭ್ರ ಬಿಳಿಗಿಂತ ಜೇನು ಬಣ್ಣ, ನಸುಗಂದು ಮೇಲು. ಅರಿಶಿನವಾಗಲಿ, ಎಣ್ಣೆಯಾಗಲಿ ಬಿದ್ದ ಕೂಡಲೇ ಒದ್ದೆ ಬಟ್ಟೆಯಿಂದ ಒರೆಸಬೇಕು. ಉಕ್ಕಿನ ನಾರು, ಒರಟು ಪುಡಿ ಹಾಕಿ ತಿಕ್ಕಿದರೆ ಮೇಲಿನ ಪದರಕ್ಕೇ ಗೀರು ಬೀಳುತ್ತದೆ, ಮುಂದಿನ ಕಲೆ ಅಲ್ಲೇ ಕೂರುತ್ತದೆ. ದೀಪವನ್ನು ನೇರ ಸನ್ಮೈಕಾ ಮೇಲೆ ಇಡದೆ ಕೆಳಗೊಂದು ಹಿತ್ತಾಳೆಯ ತಟ್ಟೆಯೋ ಕಲ್ಲಿನ ತುಂಡೋ ಇರಲಿ. ಜ್ವಾಲೆಯ ಮೇಲೆ ಕಪಾಟಿನ ಹಲಗೆ ತೀರ ಹತ್ತಿರ ಬಾರದಂತೆ ನೋಡಿಕೊಳ್ಳಿ.

ಕಿತ್ತೂರು: ಬಾಗಿದ ಬಾಗಿಲು

ರಾಣಿ ಚೆನ್ನಮ್ಮನ ಕಿತ್ತೂರು ಮಲೆನಾಡಿನ ಸೆರಗಿಗೆ ಹತ್ತಿರ. ಬೈಲಹೊಂಗಲ, ರಾಮದುರ್ಗಕ್ಕಿಂತ ಅಲ್ಲಿ ಮಳೆ ಜಾಸ್ತಿ. ಅಲ್ಲಿನ ನಮ್ಮ ಬೀಗರ ಮನೆಯಲ್ಲಿ ಬಟ್ಟೆಯ ಕಪಾಟಿನ ಎತ್ತರದ ಬಾಗಿಲುಗಳು ಮೊದಲ ಮಳೆಗಾಲದಲ್ಲೇ ಬಿಲ್ಲಿನಂತೆ ಬಾಗಿದವು. ಚಿಲಕ ಕೂಡುತ್ತಿರಲಿಲ್ಲ. ಹೊರಮೈಗೆ ಒಳ್ಳೆಯ ಸನ್ಮೈಕಾ ಹಾಕಿ, ಖರ್ಚು ಉಳಿಸಲೆಂದು ಒಳಮೈಗೆ ಬರೀ ಬಣ್ಣ ಬಳಿಸಿದ್ದರು. ಅದೇ ಕಾರಣ.

ಕಾಗದದ ಗುಣ ನೆನಪಿಡಿ. ತೇವಕ್ಕೆ ಅದು ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ರಾಳದಲ್ಲಿ ಬೆಂದ ಮೇಲೂ ಸ್ವಲ್ಪ ಮಟ್ಟಿಗೆ ಆ ಗುಣ ಉಳಿದಿರುತ್ತದೆ. ಹಲಗೆಯ ಒಂದೇ ಮೈಗೆ ಅಂಟಿಸಿದರೆ ಅದು ಒಂದೇ ಕಡೆಗೆ ಎಳೆಯುತ್ತದೆ. ಮಕ್ಕಳು ಒಂದು ರಟ್ಟಿನ ತುಂಡಿನ ಒಂದು ಬದಿಗೆ ಅಂಟು ಬಳಿದು ಕಾಗದ ಹಚ್ಚಿ ಒಣಗಲು ಬಿಡಿ. ರಟ್ಟು ಬಾಗುತ್ತದೆ. ಇನ್ನೊಂದು ತುಂಡಿಗೆ ಎರಡೂ ಬದಿಗೆ ಕಾಗದ ಹಚ್ಚಿ. ಅದು ನೆಟ್ಟಗಿರುತ್ತದೆ. ಎರಡು ಎತ್ತುಗಳು ಸಮನಾಗಿ ಎಳೆದರೆ ಬಂಡಿ ನೆಟ್ಟಗೆ ಹೋಗುವಂತೆ.

ಆದ್ದರಿಂದ ಬಾಗಿಲಿನ ಎರಡೂ ಮೈಗೆ ಹಾಳೆ ಇರಬೇಕು. ಒಳಗಿನದು ಚಿತ್ರವಿಲ್ಲದ ಸಾದಾ ಹಾಳೆಯಾದರೂ ಸಾಕು. ಆದರೆ ದಪ್ಪ ಹೊರಗಿನದಕ್ಕೆ ಆದಷ್ಟು ಸಮೀಪವಿರಲಿ. ಕಪಾಟಿನ ಬೆನ್ನು ಹಸಿ ಗೋಡೆಗೆ ತಾಗದಂತೆ ಎರಡು ಬೆರಳು ಜಾಗ ಬಿಡಿ, ಗಾಳಿ ಆಡಲಿ. ಅಂಟು ಒಣಗುವ ಮುನ್ನ ಬಡಿಗೇರರನ್ನು ಅವಸರಪಡಿಸಬೇಡಿ. ಹಾಳೆಯ ಮೇಲೆ ಭಾರ ಹೇರಿ ಒಂದು ರಾತ್ರಿ ಬಿಡುವ ಬಡಿಗೇರ ಕೆಲಸ ತಿಳಿದವನು.

ರಾಮದುರ್ಗ: ಅಂಗಿ ಹೊಸದು, ಮೈ ಲಟ್ಟು

2019ರ ಆಗಸ್ಟ್ ತಿಂಗಳನ್ನು ರಾಮದುರ್ಗದ ಕಡೆಯವರು ಮರೆಯಲಾರರು. ನವಿಲುತೀರ್ಥದ ಅಣೆಕಟ್ಟು ತುಂಬಿ, ಮಲಪ್ರಭೆ ದಂಡೆಯ ಊರುಗಳಿಗೆ ನೀರು ನುಗ್ಗಿತು. ನದಿಯ ಹತ್ತಿರದ ಒಂದು ಊರಿನಲ್ಲಿ ನನ್ನ ಸೋದರಳಿಯನ ಮನೆ. ನೀರು ಇಳಿದ ಮೇಲೆ ಕೆಸರು ಬಳಿಯಲು ನಾವೂ ಹೋಗಿದ್ದೆವು. ಹೊಸದಾಗಿ ಮಾಡಿಸಿದ್ದ ಅಡುಗೆಮನೆಯ ಕಪಾಟುಗಳ ಸನ್ಮೈಕಾ ಒರೆಸಿದ ಕೂಡಲೇ ಮೊದಲಿನಂತೆ ಹೊಳೆಯಿತು. ಆದರೆ ಒಳಗಿನ ಹಲಗೆ ನೆನೆದ ಅವಲಕ್ಕಿಯಂತೆ ಉಬ್ಬಿತ್ತು, ಕೈಯಿಂದ ಮುರಿದರೆ ಹೊಟ್ಟಿನಂತೆ ಉದುರುತ್ತಿತ್ತು. ಅದು ಕಟ್ಟಿಗೆಯ ಪುಡಿಯನ್ನು ಅಂಟಿನಿಂದ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡು. ಪಕ್ಕದಲ್ಲೇ ಇದ್ದ ಅವನ ಅಜ್ಜನ ಕಾಲದ ಸಾಗವಾನಿ ಮಂಚವನ್ನು ತೊಳೆದು, ನೆರಳಲ್ಲಿ ಒಣಗಿಸಿದೆವು. ಅದರ ಮೇಲೆ ಇಂದಿಗೂ ಮಲಗುತ್ತಾರೆ.

ಸನ್ಮೈಕಾ ಒಂದು ಅಂಗಿ. ಮೈ ಗಟ್ಟಿಯಿಲ್ಲದಿದ್ದರೆ ಅಂಗಿ ಏನು ಮಾಡೀತು? ಹಾಳೆಯ ಮುಖದಿಂದ ನೀರು ಒಳಗೆ ಹೋಗುವುದಿಲ್ಲ. ಅದು ಹೋಗುವುದು ಅಂಚಿನಿಂದ, ಮೊಳೆಯ ತೂತಿನಿಂದ, ಸಿಂಕಿನ ಕೆಳಗಿನ ಕೊರೆದ ಜಾಗದಿಂದ. ಪ್ರವಾಹವೇ ಬರಬೇಕಿಲ್ಲ, ತೊಟ್ಟಿಕ್ಕುವ ನಲ್ಲಿ ಸಾಕು.

ಅದಕ್ಕೇ ನೀರಿನ ಸಮೀಪದ ಕಪಾಟಿಗೆ ಪಾರ್ಟಿಕಲ್ ಬೋರ್ಡು ಬೇಡವೇ ಬೇಡ. ಪ್ಲೈವುಡ್ ಕೊಳ್ಳುವಾಗ ಅದರ ಮೇಲಿನ ಐಎಸ್‌ಐ ಮುದ್ರೆ ಮತ್ತು ಸಂಖ್ಯೆ ಓದಿ. ಐಎಸ್ 303 ಎಂಬುದು ಸಾಮಾನ್ಯ ಬಳಕೆಯ ಪ್ಲೈವುಡ್. ಅದರಲ್ಲಿ 'ಎಂಆರ್' ಎಂದರೆ ತೇವ ಮಾತ್ರ ತಡೆಯುವಂಥದ್ದು, ಒಣಗಿದ ಕೋಣೆಗೆ ಸಾಕು. ಸಿಂಕಿನ ಕೆಳಗೆ, ಬಚ್ಚಲಿನ ಬದಿಗೆ ಐಎಸ್ 710, ಅಂದರೆ ಮರೀನ್ ಪ್ಲೈವುಡ್ ಒಳ್ಳೆಯದು. ಕಪಾಟನ್ನು ನೆಲಕ್ಕೆ ಕೂರಿಸದೆ ನಾಲ್ಕು ಇಂಚು ಎತ್ತರದ ಕಾಲುಗಳ ಮೇಲೆ ನಿಲ್ಲಿಸಿ. ಕೊರೆದ ಅಂಚುಗಳನ್ನೆಲ್ಲ ಪಟ್ಟಿ ಹಚ್ಚಿ ಮುಚ್ಚಿಸಿ. ಮುಂದೆ ಕಾಣುವ ಅಂಚಷ್ಟೇ ಅಲ್ಲ, ಹಿಂದಿನದು, ಅಡಿಯದು ಕೂಡ.

ಮೊಮ್ಮಕ್ಕಳಿಗೊಂದು ಲೆಕ್ಕ

ಹಳೆಯ ಗುಮಾಸ್ತ ಲೆಕ್ಕ ಬಿಟ್ಟಾನೆಯೇ? ಸನ್ಮೈಕಾ ಹಾಳೆ ಸಾಮಾನ್ಯವಾಗಿ 8 ಅಡಿ ಉದ್ದ, 4 ಅಡಿ ಅಗಲ. ಅಂದರೆ 96 ಇಂಚು, 48 ಇಂಚು. ಅಡುಗೆಮನೆಗೆ 16 ಬಾಗಿಲು ಬೇಕು. ಪ್ರತಿಯೊಂದಕ್ಕೂ 29 ಇಂಚು ಎತ್ತರ, 17 ಇಂಚು ಅಗಲದ ತುಂಡು. ಎಷ್ಟು ಹಾಳೆ ತರಬೇಕು?

ತುಂಡುಗಳನ್ನೆಲ್ಲ ಹಾಳೆಯ ಉದ್ದಕ್ಕೆ ನಿಲ್ಲಿಸಿ ನೋಡಿ. ಉದ್ದದಲ್ಲಿ 29 ಇಂಚಿನ 3, ಅಗಲದಲ್ಲಿ 17 ಇಂಚಿನ 2. ಒಟ್ಟು 6 ತುಂಡು. ಹದಿನಾರಕ್ಕೆ 3 ಹಾಳೆ ಬೇಕು. ಈಗ ಕೆಲವನ್ನು ತಿರುಗಿಸಿ. ಹಾಳೆಯನ್ನು ಉದ್ದಕ್ಕೆ 29 ಇಂಚು ಮತ್ತು 17 ಇಂಚು ಅಗಲದ ಎರಡು ಪಟ್ಟಿಗಳಾಗಿ ಸೀಳಿ. ಮೊದಲ ಪಟ್ಟಿಯಲ್ಲಿ ಅಡ್ಡಲಾಗಿ 17 ಇಂಚಿನ 5 ತುಂಡು, ಎರಡನೆಯದರಲ್ಲಿ 29 ಇಂಚಿನ 3 ತುಂಡು. ಒಟ್ಟು 8! ಹದಿನಾರಕ್ಕೆ 2 ಹಾಳೆ ಸಾಕು.

ಆದರೆ ನಿಲ್ಲಿ. ಮರದ ಗೆರೆಯಿರುವ ಹಾಳೆಯಾದರೆ ತಿರುಗಿಸುವಂತಿಲ್ಲ. ತಿರುಗಿಸಿದರೆ ಒಂದು ಬಾಗಿಲಿನ ಗೆರೆ ಉದ್ದ, ಪಕ್ಕದ್ದು ಅಡ್ಡ! ಒಂದೇ ಬಣ್ಣದ ಸಾದಾ ಹಾಳೆಗೆ ಈ ತೊಂದರೆಯಿಲ್ಲ. ನೋಡಿ, ಚಿತ್ರದ ಆಯ್ಕೆಯೊಂದೇ ಒಂದು ಹಾಳೆಯ ಖರ್ಚನ್ನು ಕೂಡಿಸುತ್ತದೆ ಅಥವಾ ಕಳೆಯುತ್ತದೆ. ಅಂಗಡಿಗೆ ಹೋಗುವ ಮೊದಲು ಚೌಕುಳಿ ಕಾಗದದ ಮೇಲೆ ಮಕ್ಕಳಿಂದ ನಕ್ಷೆ ಬರೆಸಿ.

ಅಂಗಡಿಗೆ ಹೋಗುವಾಗ

- ಹಾಳೆಯ ಮಾನಕ ಐಎಸ್ 2046. ಅದನ್ನು ಕೇಳಿ. ದಪ್ಪವನ್ನು ಬಿಲ್ಲಿನಲ್ಲಿ ಬರೆಸಿ.
- 'ಪ್ರಿ-ಲ್ಯಾಮಿನೇಟೆಡ್' ಎಂದು ಸಿದ್ಧ ಹಲಗೆ ಮಾರುತ್ತಾರೆ. ಅದರ ಮೇಲಿರುವುದು ಬಹುಮಟ್ಟಿಗೆ ಕಡಿಮೆ ಒತ್ತಡದಲ್ಲಿ ಕೂಡಿಸಿದ ಒಂದೇ ಕಾಗದ. ಕಡಿಮೆ ಮುಟ್ಟುವ ಜಾಗಕ್ಕೆ ಅಡ್ಡಿಯಿಲ್ಲ, ದಿನದ ಮೇಜಿಗೆ ಬೇಡ.
- ಬೇಕಾದ ಎಲ್ಲ ಹಾಳೆಗಳನ್ನೂ ಒಮ್ಮೆಗೇ ತನ್ನಿ. ಮುಂದಿನ ತಿಂಗಳು ತಂದರೆ ಅದೇ ನಂಬರಿನ ಬಣ್ಣವೂ ನಸು ಬೇರೆಯಾಗಬಹುದು.
- ಮಕ್ಕಳ ಮೇಜಿನ ಮೂಲೆಗಳನ್ನು ದುಂಡಗೆ ಮಾಡಿಸಿ. ಕತ್ತರಿಸಿದ ಸನ್ಮೈಕಾ ಅಂಚು ಬ್ಲೇಡಿನಷ್ಟು ಹರಿತ.
- ಹೊಸ ಹಲಗೆಗಳ ಅಂಟಿನಿಂದ ಫಾರ್ಮಾಲ್ಡಿಹೈಡ್ ಎಂಬ ಘಾಟು ಬರುತ್ತದೆ. ಕೆಲ ದಿನ ಕಿಟಕಿ, ಕಪಾಟಿನ ಬಾಗಿಲು ತೆರೆದಿಟ್ಟು, ಘಾಟು ಹೋದ ಮೇಲೆ ಮಕ್ಕಳನ್ನು ಮಲಗಿಸಿ.
- ಉಳಿದ ಒಂದು ತುಂಡನ್ನು, ಹಿಂದೆ ಅದರ ನಂಬರು ಬರೆದು ಎತ್ತಿಡಿ. ಮುಂದೆ ರಿಪೇರಿಗೆ ಬೇಕಾಗುತ್ತದೆ.

ಮುಚ್ಚದೆ ಉಳಿಸಿದ್ದು

ಮೊಮ್ಮಗಳ ಕೋಣೆಯಲ್ಲಿ ನನ್ನ ತಾಯಿಯ ಕಾಲದ ಒಂದು ಸಾಗವಾನಿ ಕಪಾಟು ಇದೆ. ಬಣ್ಣ ಕಪ್ಪಾಗಿತ್ತು, ಒಂದು ಬಾಗಿಲು ಕಿರುಗುಟ್ಟುತ್ತಿತ್ತು. ಕೆಲಸಕ್ಕೆ ಬಂದ ಬಡಿಗೇರ ತಿರುಗಾಡಿ ನೋಡಿ, "ಇದರ ಮ್ಯಾಲೂ ಒಂದು ಶೀಟ್ ಹೊಡದ್ರ ಎಲ್ಲಾ ಮ್ಯಾಚ್ ಆಗ್ತದ್ರಿ" ಎಂದ. ಖರ್ಚೂ ಕಡಿಮೆ. ನಾನು ಹ್ಞೂಂ ಎನ್ನುವವನೇ ಇದ್ದೆ.

ಮೊಮ್ಮಗಳು ಬಾಗಿಲು ತೆಗೆದಳು. ಒಳಗಡೆ ಕಟ್ಟಿಗೆಯ ಮೇಲೆ ಉಗುರಗಲದ ಗೀರುಗಳ ಸಾಲು. ಹಾಲಿನ ಲೆಕ್ಕ. ಅಕ್ಷರ ಬಾರದ ನನ್ನ ತಾಯಿ ದಿನಕ್ಕೊಂದು ಗೀರು ಕೊರೆದು, ತಿಂಗಳ ಕೊನೆಗೆ ಎಣಿಸಿ ದುಡ್ಡು ಕೊಡುತ್ತಿದ್ದಳು. ಒಂದೂ ತಪ್ಪುತ್ತಿರಲಿಲ್ಲ. ನಾನು ಬ್ಯಾಂಕಿನ ಲೆಡ್ಜರು ಬರೆಯುವುದಕ್ಕೆ ಎಷ್ಟೋ ಮೊದಲೇ ನಮ್ಮ ಮನೆಯ ಲೆಡ್ಜರು ಅಲ್ಲಿತ್ತು.

"ಇದನ್ನ ಮುಚ್ಚಬ್ಯಾಡ ಅಜ್ಜಾ" ಎಂದಳು.

ಮುಚ್ಚಲಿಲ್ಲ. ಹೊರಮೈಯ ಹಳೆಯ ಬಣ್ಣ ಕೆರೆಸಿ, ಉಜ್ಜುಕಾಗದ ಹಾಕಿಸಿ, ಅರಗಿನ ಪಾಲಿಶ್ ಮಾಡಿಸಿದೆವು. ಒಳಗಿನ ಗೀರುಗಳನ್ನು ಮುಟ್ಟಲಿಲ್ಲ. ಒಳ್ಳೆಯ ಹಳೆಯ ಕಟ್ಟಿಗೆ ನಿಮ್ಮ ಮನೆಯಲ್ಲಿದ್ದರೆ ಅದಕ್ಕೆ ಕಟ್ಟಿಗೆಯ ಚಿತ್ರವಿರುವ ಕಾಗದ ಅಂಟಿಸಬೇಡಿ.

ಅದರ ಪಕ್ಕದಲ್ಲಿ ಈಗ ಓದುವ ಮೇಜು ಬಂದಿದೆ. ಹೊಳಪಿಲ್ಲದ ತಿಳಿ ಬೂದು ಬಣ್ಣ, ಸುತ್ತ ಕಡುನೀಲಿ ಅಂಚು, ದುಂಡಗಿನ ಮೂಲೆ. ಬಣ್ಣ ಆರಿಸಿದ್ದು ಮೊಮ್ಮಗಳು, ಅಂಚು ಆರಿಸಿದ್ದು ಅವಳ ಅಜ್ಜಿ. ಮೊನ್ನೆ ಸಂಜೆ ಓದುತ್ತ ಕೂತಿದ್ದ ಹುಡುಗಿಗೆ ಅಜ್ಜಿ ಹಾಲು ತಂದಳು. ಕಪ್ಪನ್ನು ಮೇಜಿನ ಮೇಲೆ ಇಟ್ಟಳು. ಕಪ್ಪು ನಟ್ಟನಡುವೆ ಕೂತಿತು. ನಾನು ಬಾಗಿಲಲ್ಲಿ ನಿಂತು ನೋಡಿ, ಪತ್ರಿಕೆ ಓದಲು ಪಡಸಾಲೆಗೆ ಹೋದೆ.